ಮೂರನೇ ಕೊಳದ ನೀರು

ಅವನನ್ನು ಎಲ್ಲರೂ ಬಾವಿಯಣ್ಣ ಎಂದೇ ಕರೆಯುತ್ತಿದ್ದರು. ಅವನು ತೋಡಿದ ಬಾವಿಗಳೆಲ್ಲ ಬತ್ತಿ, ಮಕ್ಕಳು ಬಿದ್ದಾರೆಂದು ಅವುಗಳ ಬಾಯಿಗೆ ಕಲ್ಲು ಚಪ್ಪಡಿ ಎಳೆದು ಎಷ್ಟೋ ಕಾಲವಾಗಿದ್ದರೂ ಹೆಸರು ಮಾತ್ರ ಬತ್ತಲಿಲ್ಲ. ಆ ಸೀಮೆಯಲ್ಲಿ ಮಳೆ ಅನ್ನುವುದು ದೂರದ ನೆಂಟನಿದ್ದಂತೆ. ಬಂದರೂ ಬಾಗಿಲಲ್ಲೇ ನಿಂತು ಹೋಗುವವನು, ಕೂತು ಮಾತಾಡುವವನಲ್ಲ. ಹೀಗಾಗಿ ಬಾವಿ ತೋಡುವುದರಲ್ಲಿ ಎತ್ತಿದ ಕೈ ಎನಿಸಿಕೊಂಡವನು ನಡುವಯಸ್ಸಿಗೆ ಬರುವಷ್ಟರಲ್ಲಿ ಗುದ್ದಲಿಯನ್ನು ಮೂಲೆಗಿಟ್ಟು ಕೂತಿದ್ದ. ಆಮೇಲೆ ಅವನಿಗೆ ಸಿಕ್ಕಿದ್ದು ಊರಿನ ಕೊಳಚೆ ನೀರನ್ನು ಶುದ್ಧ ಮಾಡುವ ಕೆಲಸ.

ಅದಕ್ಕೆ ಮೊದಲು ಆ ಕೊಳಚೆಗೆ ಹೇಳುವವರು ಕೇಳುವವರು ಇರಲಿಲ್ಲ. ಪಾತ್ರೆ ತೊಳೆದದ್ದು, ಮೈ ತೊಳೆದದ್ದು, ಪಾಯಿಖಾನೆಯದ್ದು, ಎಲ್ಲ ಬೀದಿಗೇ. ಬೀದಿಯ ನಡುವೆ ಕಪ್ಪಗೆ ಹರಿದು ಇಳಿಜಾರಿನ ಕೊನೆಯ ಮನೆಯ ಮುಂದೆ ಮಡುಗಟ್ಟುತ್ತಿತ್ತು. ಆ ಕೊನೆಯ ಮನೆ ಬಾವಿಯಣ್ಣನ ತಂಗಿಯದು. ತಾಯಿ ತೀರಿಕೊಂಡಾಗ ಅವಳಿನ್ನೂ ಪುಟ್ಟ ಹುಡುಗಿ. ಸೊಟ್ಟಗೆ ಬೈತಲೆ ತೆಗೆದು ತಲೆ ಬಾಚಿ, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ತಿರುಗಿ ಬೆಳೆಸಿದವನು ಅವನೇ. ಪೈಪು ಹಾಕಿ ಊರ ಹೊರಗೆ ಕೊಳ ತೋಡುತ್ತಾರೆ, ನೋಡಿಕೊಳ್ಳಲು ಒಬ್ಬ ಬೇಕು ಎಂದಾಗ ಉಳಿದವರೆಲ್ಲ ಮೂಗು ಮುಚ್ಚಿಕೊಂಡು ಮನೆಗೆ ಹೋದರು. ಅವನು ತಂಗಿಯ ಹೊಸಿಲನ್ನು ನೆನೆದು ಒಪ್ಪಿಕೊಂಡ.

ಕೊಳಗಳು ಮೂರು, ಒಂದಕ್ಕಿಂತ ಒಂದು ತಗ್ಗಿನಲ್ಲಿ. ಪೈಪಿನ ಬಾಯಿಗೆ ಕಬ್ಬಿಣದ ಜಾಲರಿ. ಬೆಳಗ್ಗೆ ಎದ್ದವನೇ ತುದಿಗೆ ಕಬ್ಬಿಣದ ಹಲ್ಲುಗಳಿದ್ದ ಉದ್ದ ಕೋಲು ಹಿಡಿದು ಅದರಲ್ಲಿ ಸಿಕ್ಕಿಕೊಂಡ ಚಿಂದಿ, ಕೂದಲ ಉಂಡೆ, ಪ್ಲಾಸ್ಟಿಕ್ ಚೀಲ, ಒಮ್ಮೊಮ್ಮೆ ಯಾರದೋ ಮನೆಯ ಚಮಚ ಎಳೆದು ಹಾಕಬೇಕು. ಮೊದಲನೇ ಕೊಳ ಆಳವಾದದ್ದು. ಕೆಸರು ತಳ ಸೇರಿ, ಮೇಲೆ ಗುಳ್ಳೆ ಏಳುತ್ತ, ಬಿಸಿಲೇರಿದರೆ ಹೊಟ್ಟೆ ತೊಳಸುವ ನಾತ. ಎರಡನೆಯದರಲ್ಲಿ ಬಿಸಿಲಿಗೆ ಪಾಚಿ ಬೆಳೆದು ನೀರು ಹಸಿರು. ಮೂರನೆಯದರ ತುಂಬ ಜಲ್ಲಿಕಲ್ಲು, ಜಲ್ಲಿಯ ಮೇಲೆ ಆಳೆತ್ತರದ ಜೊಂಡು. ಅದರ ಬೇರುಗಳ ನಡುವೆ ನುಸುಳಿ ಬಂದ ನೀರು ಕೊನೆಗೆ ಒಂದು ಸಿಮೆಂಟಿನ ತೊಟ್ಟಿಗೆ ಬೀಳುತ್ತಿತ್ತು. ನೋಡಿದವರು ನಂಬುತ್ತಿರಲಿಲ್ಲ, ಅಷ್ಟು ತಿಳಿ. ಅಲ್ಲಿಂದ ಅದು ಮೇವಿನ ಹೊಲಕ್ಕೆ ಹೋಗುತ್ತಿತ್ತು. ಸುತ್ತ ಎಲ್ಲಿ ನೋಡಿದರೂ ಬೂದು ಬಣ್ಣದ ನೆಲ. ಆ ಹೊಲವೊಂದು ಮಾತ್ರ ಹಸಿರು.

"ಮೊದಲು ನೀರು ಹುಡುಕ್ತಿದ್ದೋನು, ಈಗ ನೀರನ್ನೇ ತೊಳೀತಾನೆ" ಎಂದು ಅವನ ತಂಗಿಯ ಗಂಡ ನಗುತ್ತಿದ್ದ. ನಗಲಿ, ಅದರಿಂದ ಮೈಗೇನೂ ಹತ್ತುವುದಿಲ್ಲ. ಹತ್ತಿದ್ದು ವಾಸನೆ. ಎಷ್ಟು ಸೋಪು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಹೆಂಡತಿ ಅವನ ಬಟ್ಟೆಯನ್ನು ಹಿತ್ತಿಲ ಕಲ್ಲಿನ ಮೇಲೇ ಬಿಡಿಸುತ್ತಿದ್ದಳು. ನಾಲ್ಕು ಜನ ಕೂತಲ್ಲಿ ಹೋಗಿ ಕೂತರೆ ಪಕ್ಕದವನು ಮಾತಿನ ನಡುವೆಯೇ ಒಂದು ಮೊಳ ಸರಿದು ಕೂರುತ್ತಿದ್ದ. ಬೈದರೆ ಬೈಸಿಕೊಳ್ಳಬಹುದು, ಹೊಡೆದರೆ ತಿರುಗಿ ಹೊಡೆಯಬಹುದು. ಒಂದು ಮೊಳ ಸರಿದು ಕೂತವನಿಗೆ ಏನು ಮಾಡುವುದು? ಬಾವಿಯಣ್ಣನಿಗೆ ಅದು ಒಳಗೇ ಕೊರೆಯುತ್ತಿತ್ತು.

ಕೊಳ ಕಟ್ಟಿಸಿದ ಇಂಜಿನಿಯರಮ್ಮ ಮಾತ್ರ ಅವನ ಪಕ್ಕದಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತು ಕೆಲಸ ಹೇಳಿಕೊಟ್ಟಿದ್ದಳು. ಹೊರಡುವ ದಿನ ತೊಟ್ಟಿಯ ಕಡೆ ಕೈ ಮಾಡಿ ಹೇಳಿದಳು: "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತೀರಲ್ಲ ಯಜಮಾನ್ರೇ, ಹಾಗೇ ತಿಳಿಯಾಗಿರೋದೆಲ್ಲ ಕುಡಿಯೋ ನೀರಲ್ಲ. ಕಾಯಿಲೆ ಕಣ್ಣಿಗೆ ಕಾಣಲ್ಲ. ಇದು ಮೇವಿಗೆ, ಮರಕ್ಕೆ. ಬಾಯಿಗಲ್ಲ. ನೆನಪಿರಲಿ."

"ಇರುತ್ತೆ ಬಿಡಿ ಅಮ್ಮಾ" ಎಂದಿದ್ದ. ನೆನಪೇನೋ ಕೊನೆಯತನಕ ಇತ್ತು.

ಮೇವು ಸೊಂಪಾಗಿ ಬಂತು. ಆದರೆ ಹಾಲು ಕೊಳ್ಳುವವನು ತಕರಾರು ತೆಗೆದ. ಸುತ್ತಲಿನ ಊರುಗಳಿಂದ ಹಾಲು ಒಟ್ಟು ಮಾಡಿ ಪೇಟೆಗೆ ಒಯ್ಯುವವನು ಅವನು. ಒಂದು ಬೆಳಗ್ಗೆ ಹೊಲದ ಬದುವಿನ ಮೇಲೆ ನಿಂತು, ಹತ್ತಾರು ಜನರ ಎದುರಿಗೆ, "ಕಕ್ಕಸಿನ ನೀರಲ್ಲಿ ಬೆಳೆದ ಹುಲ್ಲು ತಿಂದ ದನದ ಹಾಲು ನನಗೆ ಬೇಡಪ್ಪ" ಎಂದ. ಜನ ಬಾವಿಯಣ್ಣನ ಮುಖ ನೋಡಿದರು. ಅವನಿಗೆ ಎಲ್ಲಿತ್ತೋ ರೋಷ, ಕೊಳದ ಪಕ್ಕದ ತನ್ನ ಕಾವಲು ಗುಡಿಸಲಿನೊಳಗಿದ್ದ ಚೊಂಬು ತಂದು ತೊಟ್ಟಿಯಲ್ಲಿ ಅದ್ದಿ, ಎಲ್ಲರೂ ನೋಡುತ್ತಿದ್ದಂತೆ ಗಟಗಟ ಕುಡಿದುಬಿಟ್ಟ. ಬಾಯಿ ಒರೆಸಿಕೊಂಡು, "ನಾನು ಕುಡೀತೀನಿ ನೀರನ್ನೇ. ನೀನು ಅದರ ಹುಲ್ಲಿನ ಹಾಲಿಗೆ ಹೆದರ್ತೀಯಾ?" ಎಂದ. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಹಾಲಿನವನು ಕ್ಯಾನು ಎತ್ತಿ ಗಾಡಿಗಿಟ್ಟ.

ಅವತ್ತು ಸಂಜೆ ನಾಲ್ಕು ಜನ ಕೂತಲ್ಲಿ ಅವನಿಗೆ ನಡುವೆ ಜಾಗ ಸಿಕ್ಕಿತು. ಮಾರನೇ ದಿನದಿಂದ ಹೊಟ್ಟೆ ಕೆಟ್ಟು ಹಿತ್ತಿಲು ಮನೆ, ಹಿತ್ತಿಲು ಮನೆ. ಜ್ವರ ಬಂದು ಕಣ್ಣು ಗುಳಿಬಿದ್ದವು. ಹೆಂಡತಿ ಬಾಗಿಲು ಹಾಕಿಕೊಂಡು ಆರೈಕೆ ಮಾಡಿದಳು, ಕೇಳಿದವರಿಗೆ "ನಮ್ಮ ತಾಯಿ ಮನೆಗೆ ಹೋಗಿದಾರೆ" ಎಂದಳು. ಅವನು ಎದ್ದು ಗೋಡೆ ಹಿಡಿದು ನಡೆಯುವಂತಾದಾಗ, "ಆ ನೀರಿನ ಸಾವಾಸ ಇನ್ನು ಬೇಡ ಕಣ್ರೀ" ಎಂದಳು.

ಬೇಡ ಎಂದರೆ ಜನ ಬಿಡಬೇಕಲ್ಲ! ಹೊಸ ಸುದ್ದಿ ಊರೂರಿಗೆ ಹಬ್ಬಿತ್ತು. ಪಕ್ಕದ ಊರಿನವರು ನೋಡಲು ಬಂದರು, ಮೇಷ್ಟ್ರು ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದರು. ಬಂದವರೆಲ್ಲ ಕೇಳುವುದು ಒಂದೇ: "ಎಲ್ಲಿ, ಕುಡಿದು ತೋರಿಸು ಬಾವಿಯಣ್ಣ." ಕುಡಿದರೆ ಪ್ರಾಣಕ್ಕೆ ಕುತ್ತು, ಕುಡಿಯದಿದ್ದರೆ ಮಾನ ಹೋಗುತ್ತದೆ. ಆಗ ಅವನು ಒಂದು ಉಪಾಯ ಕಂಡುಕೊಂಡ. ಚೊಂಬು ತರುತ್ತೇನೆಂದು ಗುಡಿಸಲಿಗೆ ಹೋಗಿ, ಅಲ್ಲೇ ಮಡಕೆಯಲ್ಲಿದ್ದ ಕುಡಿಯುವ ನೀರನ್ನು ಅದಕ್ಕೆ ತುಂಬಿಕೊಳ್ಳುತ್ತಿದ್ದ. ತೊಟ್ಟಿಯ ಬಳಿ ಜನರಿಗೆ ಬೆನ್ನು ಹಾಕಿ ಬಗ್ಗಿ, ಚೊಂಬಿನ ಬುಡವನ್ನಷ್ಟೇ ನೀರಿಗೆ ತಾಗಿಸುತ್ತಿದ್ದ. ಎತ್ತಿದಾಗ ಬುಡದಿಂದ ತೊಟತೊಟ ನೀರು ಸುರಿಯುವುದನ್ನು ನೋಡಿದವರು ಈಗ ತಾನೇ ತುಂಬಿದ್ದು ಎಂದುಕೊಳ್ಳಬೇಕು. ಹಾಗೇ ಅಂದುಕೊಂಡರು. ಎಲ್ಲರ ಕಣ್ಣಿಗೆ ಮಣ್ಣೆರಚಿದ ಆ ನಾಟಕ ಗೊತ್ತಿದ್ದದ್ದು ಅವನ ಹೆಂಡತಿಗೊಬ್ಬಳಿಗೇ.

"ಸುಳ್ಳಿಗೆ ಕಾಲಿಲ್ಲ ಅಂತಾರೆ. ನಿಮ್ಮ ಸುಳ್ಳಿಗೆ ಎರಡು ಕೈ, ಮೇಲೊಂದು ಚೊಂಬು" ಎಂದು ಅವಳು ಹಂಗಿಸಿದಳು.

"ಇದರಿಂದ ಯಾರಿಗೇನು ಕೆಟ್ಟದಾಗುತ್ತೆ ಹೇಳು? ಹುಲ್ಲು ಚೆನ್ನಾಗಿದೆ, ಹಾಲು ಚೆನ್ನಾಗಿದೆ. ಜನಕ್ಕೆ ಧೈರ್ಯ ಬೇಕು, ಅಷ್ಟೇ."

ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಪೂರ್ತಿ ಸುಳ್ಳಿಗಿಂತ ಅರ್ಧ ನಿಜವೇ ಮನುಷ್ಯನನ್ನು ಹೆಚ್ಚು ಹಾಳು ಮಾಡುವುದು. ಬೀದಿಯಲ್ಲಿ ನೊಣ ಕಡಿಮೆಯಾಯಿತು, ತಂಗಿಯ ಹೊಸಿಲು ಒಣಗಿತು, ಅವಳು ಎರಡು ಎಮ್ಮೆ ಕಟ್ಟಿದಳು. ವರ್ಷಗಳು ಉರುಳಿದವು. ಬಾವಿಯಣ್ಣನ ಚೊಂಬಿನ ಆಟ ಊರಿಗೆ ಹೆಮ್ಮೆಯ ವಿಷಯವಾಯಿತು, ಅವನಿಗಂತೂ ಅದು ನಾಟಕ ಎನ್ನುವುದೇ ಒಮ್ಮೊಮ್ಮೆ ಮರೆತುಹೋಗುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಹೆಮ್ಮೆ ತಂಗಿಯ ಮಗಳಿಗೆ. ಕೂತಲ್ಲಿ ಕೂರದ ಆ ಹುಡುಗಿಯನ್ನು ಎಲ್ಲರೂ ಮಿಡತೆ ಅನ್ನುತ್ತಿದ್ದರು. ಶಾಲೆಗೆ ಸೇರಿದ ವರ್ಷ ಅವಳು ಗೆಳತಿಯರನ್ನು ಕೊಳದ ಹತ್ತಿರ ಎಳೆದುಕೊಂಡು ಬಂದು, "ನಮ್ಮ ಮಾವ ಎಂಥ ಗಲೀಜು ನೀರನ್ನೂ ಒಳ್ಳೇದು ಮಾಡ್ತಾರೆ. ಕುಡೀತಾರೆ ಕೂಡ. ಮಾವಾ, ಕುಡಿದು ತೋರಿಸಿ" ಎನ್ನುತ್ತಿದ್ದಳು. ಅವಳಿಗೂ ಅವನು ಬೆನ್ನು ಹಾಕಿ ಬಗ್ಗಿ ಚೊಂಬಿನ ಬುಡ ಅದ್ದಿ ತೋರಿಸಿದ. ಮಗು ಚಪ್ಪಾಳೆ ತಟ್ಟಿತು.

ಕುಡಿಯುವ ನೀರು ಊರಿಗೆ ಬರುತ್ತಿದ್ದದ್ದು ದೂರದ ಕೊಳವೆಬಾವಿಯಿಂದ. ಆ ಬೇಸಿಗೆ ಅದರ ಮೋಟಾರು ಸುಟ್ಟಿತು. ಬದಲಿಗೆ ಟ್ಯಾಂಕರ್ ಕಳಿಸಿದರು. ಕೆಲವು ದಿನ ಬಂತು, ಆಮೇಲೆ ದಿನ ಬಿಟ್ಟು ದಿನ ಬಂತು, ಆಮೇಲೆ ದಾರಿಯಲ್ಲೆಲ್ಲೋ ಕೆಟ್ಟು ನಿಂತಿದೆ ಎಂಬ ಸುದ್ದಿ ಮಾತ್ರ ಬಂತು. ಮನೆಗಳ ಮಡಕೆಗಳು ಬರಿದಾದವು. ಪಾತ್ರೆಯನ್ನು ಬೂದಿಯಲ್ಲಿ ಉಜ್ಜಿ ಒರೆಸಿ ಇಡತೊಡಗಿದರು. ಊರಲ್ಲಿ ಆಗ ಹರಿಯುತ್ತಿದ್ದ ನೀರು ಒಂದೇ. ಕೊಳಗಳಲ್ಲಿ ಮೊದಲೇ ತುಂಬಿದ್ದದ್ದು ಸಣ್ಣಗೆ, ತಿಳಿಯಾಗಿ, ಮೂರನೇ ಕೊಳದ ತೊಟ್ಟಿಗೆ ಬೀಳುತ್ತಲೇ ಇತ್ತು.

ಮೊದಲ ಕೊಡ ಹಿಡಿದು ಬಂದವಳು ಅವನ ತಂಗಿ. ಹಿಂದೆ ಮಿಡತೆ, ಅವಳ ಹಿಂದೆ ಏಳೆಂಟು ಹೆಂಗಸರು. ಹಾಲಿನವನೂ ಅಲ್ಲೇ ಹೊಲದಂಚಿನಲ್ಲಿ ನಿಂತಿದ್ದ.

"ಅಣ್ಣಾ, ಒಂದು ಕೊಡ ತುಂಬಿಸ್ಕೊಳ್ಳಲಾ?"

ಬಾವಿಯಣ್ಣ "ಇದು ಮೇವಿಗೆ ಕಣೇ" ಎಂದ.

"ಮೇವಿಗೆ ಸ್ವಲ್ಪ ಕಮ್ಮಿ ಆದ್ರೆ ಏನಂತೆ? ಮನೇಲಿ ಒಂದು ತೊಟ್ಟು ನೀರಿಲ್ಲ."

ಹೇಳಬೇಕಿದ್ದ ಮಾತು ಚಿಕ್ಕದು. ನಾನು ಇದನ್ನು ಒಂದೇ ಸಲ ಕುಡಿದದ್ದು, ಆಗ ಸಾಯುವ ಹಾಗಾಗಿದ್ದೆ, ಅಷ್ಟೇ. ಆದರೆ ಹಾಲಿನವನು ನೋಡುತ್ತಿದ್ದ. ಅವನ ಮುಂದೆ ಹೇಳಿದರೆ ನಾಳೆಯಿಂದ ಊರಿನ ಹಾಲು ಹೋಗುವುದಿಲ್ಲ, ಎಮ್ಮೆ ಕಟ್ಟಿದ ತಂಗಿಯೇ ಮೊದಲು ಬೀಳುತ್ತಾಳೆ. ಇದು ಅವನು ತನಗೆ ತಾನೇ ಹೇಳಿಕೊಂಡ ಕಾರಣ. ಅದರ ಅಡಿಯಲ್ಲಿ ಇನ್ನೊಂದಿತ್ತು, ಅದೇ ಅಸಲು: ಇಷ್ಟು ವರ್ಷ ಸುಳ್ಳುಗಾರನಾಗಿದ್ದೆ ಎಂದು ಈ ಹೆಂಗಸರ ಮುಂದೆ, ಈ ಮಗುವಿನ ಮುಂದೆ ಹೇಗೆ ಬಾಯಿ ಬಿಡುವುದು?

"ಕಾಯಿಸಿ ಕುಡೀರಿ, ಚೆನ್ನಾಗಿ ಕುದಿಸಿ" ಎಂದ.

"ನೀನು ಕಾಯಿಸ್ಕೊಂಡು ಕುಡೀತೀಯಾ?" ಎಂದು ತಂಗಿ ನಕ್ಕಳು. "ಸೌದೆ ಎಲ್ಲಿದೆ ಅಣ್ಣಾ, ಊರಲ್ಲಿ?"

ಹೆಂಗಸರೆಲ್ಲ ನಕ್ಕರು. ಬಾವಿಯಣ್ಣನೂ ನಕ್ಕ. ನಕ್ಕು, ತುಂಬಿದ ಕೊಡವನ್ನು ತಾನೇ ಎತ್ತಿ ತಂಗಿಯ ಸೊಂಟಕ್ಕಿಟ್ಟ.

ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ತಲೆಗೆ ಕೈ ಹೊತ್ತು ಕೂತಳು. "ಅಯ್ಯೋ, ಮಾತು ಬಾಯಲ್ಲೇ ಇಟ್ಕೊಂಡು ಬಂದ್ರಾ? ಹೋಗಿ, ಈಗಲೇ ಹೋಗಿ ಹೇಳಿ." ಅವರ ಮಡಕೆಯ ತಳದಲ್ಲಿ ಟ್ಯಾಂಕರಿನ ನೀರು ಇನ್ನೂ ಸ್ವಲ್ಪ ಉಳಿದಿತ್ತು. ಬಾವಿಯಣ್ಣ ಅದಷ್ಟನ್ನೂ ಒಂದು ತಂಬಿಗೆಗೆ ಬಸಿದುಕೊಂಡು ತಂಗಿಯ ಮನೆಗೆ ನಡೆದ.

ತಂಗಿ ತಂಬಿಗೆಯನ್ನು ಮುಟ್ಟಲೇ ಇಲ್ಲ. "ನಮ್ಮಲ್ಲಿ ಕೊಡ ತುಂಬಿದೆ, ಇದು ಅತ್ತಿಗೆಗಿರಲಿ" ಎಂದಳು. ತಂಗಿಯ ಗಂಡ ಗೋಡೆಗೊರಗಿ ಕೂತು, "ಭಾವ, ನಿಮ್ಮನ್ನ ಎಷ್ಟು ಆಡ್ಕೊಂಡಿದ್ದೆ. ಇವತ್ತು ನೀವಿಲ್ದಿದ್ರೆ ನಾವು ಒಣಗಿ ಹೋಗ್ತಿದ್ವಿ" ಎಂದ. ಅವನು ಒಳ್ಳೆಯ ಮಾತು ಆಡಿದ್ದು ಅದೇ ಮೊದಲು. ಮಿಡತೆ ಲೋಟ ಹಿಡಿದು ಕುಣಿಯುತ್ತ ಬಂದು, ಮಾವನಂತೆಯೇ ಗಟಗಟ ಕುಡಿದು, ಅಂಗೈಯಿಂದ ಬಾಯಿ ಒರೆಸಿಕೊಂಡು ತೋರಿಸಿತು.

ಬಾವಿಯಣ್ಣ ಬಾಯಿ ತೆರೆದ. "ಕಾಯಿಸಿ ಕೊಡು ಮಗುವಿಗೆ" ಎಂದಷ್ಟೇ ಬಂತು. ಸರಿ ಸರಿ ಎಂದು ತಂಗಿ ಕತ್ತು ಆಡಿಸಿದಳು. ಅವನು ತಂಬಿಗೆ ಹಿಡಿದುಕೊಂಡೇ ವಾಪಸು ಬಂದ. ಹೇಳಿದಿರಾ ಎಂದು ಹೆಂಡತಿ ಕೇಳಲಿಲ್ಲ. ತುಂಬಿದ ತಂಬಿಗೆಯನ್ನು ನೋಡಿ ಮುಖ ತಿರುಗಿಸಿಕೊಂಡಳು.

ಎರಡೇ ದಿನದಲ್ಲಿ ಬೀದಿಯ ಮನೆಮನೆಯಲ್ಲೂ ವಾಂತಿ, ಭೇದಿ. ಮುದುಕರು ಮಲಗಿದರು, ಮಕ್ಕಳು ಮಲಗಿದರು. ದೂರದ ಆಸ್ಪತ್ರೆಯಿಂದ ನರ್ಸ್ ಬಂದು ಯಾವ ನೀರು ಕುಡಿದಿರಿ ಎಂದು ಕೇಳಿದಳು. ಬಾವಿಯಣ್ಣನ ನೀರಿನ ಮೇಲೆ ಒಬ್ಬರೂ ಬೆರಳು ಮಾಡಲಿಲ್ಲ. "ಆ ನೀರು ಅವನು ವರ್ಷಗಟ್ಟಲೆ ಕುಡಿದಿದಾನೆ ತಾಯಿ, ಗುಂಡುಕಲ್ಲಿನ ಹಾಗಿದಾನೆ. ಟ್ಯಾಂಕರಿನ ಕೊನೇ ನೀರೇ ಕೆಟ್ಟಿದ್ದಿರಬೇಕು" ಎಂದರು. ಅವನು ಗುಂಪಿನ ಹಿಂದೆಯೇ ನಿಂತು ಅದನ್ನು ಕೇಳಿಸಿಕೊಂಡ. ಊರು ಅವನನ್ನು ನಂಬಿದಷ್ಟು ಬಹುಶಃ ಇನ್ನಾರನ್ನೂ ನಂಬಿರಲಿಲ್ಲ. ಅಂಥ ನಂಬಿಕೆ ಶತ್ರುವಿಗೂ ಬೇಡ.

ಮಿಡತೆಯನ್ನು ಅವಳಪ್ಪ ಹಾಲಿನ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟ. ಬಾವಿಯಣ್ಣನೂ ಹತ್ತಿದ. ಮಗುವಿನ ತುಟಿ ಸೀಳಿತ್ತು, ಕಣ್ಣು ಒಳಗೆ ಹೋಗಿತ್ತು, ಕೈಯ ಚರ್ಮ ಹಿಡಿದು ಎಳೆದರೆ ಎಳೆದಲ್ಲೇ ನಿಲ್ಲುತ್ತಿತ್ತು. ಅರ್ಧ ದಾರಿಯಲ್ಲಿ "ನೀರು" ಎಂದಿತು. ಗಾಡಿಯಲ್ಲಿ ಒಂದು ಬಾಟಲಿಯಲ್ಲಿ ನೀರಿತ್ತು, ತಂಗಿಯೇ ತುಂಬಿ ಕಳಿಸಿದ್ದು. ಅಪ್ಪ ಅದರ ಮುಚ್ಚಳ ತೆಗೆದ. ಬಾವಿಯಣ್ಣ ಬಾಟಲಿಯನ್ನು ಕಿತ್ತು ರಸ್ತೆಗೆ ಎಸೆದುಬಿಟ್ಟ. "ಹುಚ್ಚು ಹಿಡೀತಾ ಭಾವ ನಿಮಗೆ?" ಎಂದು ಅವಳಪ್ಪ ಕೂಗಿದ. ಬೇರೆ ನೀರು ಗಾಡಿಯಲ್ಲಿ ಇರಲಿಲ್ಲ. ಆಸ್ಪತ್ರೆಯ ಗೇಟು ಕಾಣುವ ಮೊದಲೇ ಮಗುವಿನ ಕೈ ಅವನ ಕೈಯಲ್ಲಿ ಸಡಿಲವಾಯಿತು.

ಮಣ್ಣು ಮಾಡಿ ಬಂದ ಮೇಲೆ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಅವನು ತಂಗಿಯ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಮೊದಲ ಸಲ ಕುಡಿದು ಮಲಗಿದ್ದು, ಗುಡಿಸಲಿನ ಮಡಕೆ, ಬುಡ ಮಾತ್ರ ಒದ್ದೆಯಾದ ಚೊಂಬು. ಒಂದನ್ನೂ ಬಿಡಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಬುದ್ಧಿ ಅವನಿಗೆ ಮೊದಲೇ ಇತ್ತು, ಬಾಯಿ ಬರಲಿಲ್ಲ.

ತಂಗಿ ಅಳಲಿಲ್ಲ. "ಸುಳ್ಳು" ಎಂದಳು. "ನೀನು ಕುಡಿದದ್ದನ್ನ ನಾನೇ ಕಣ್ಣಾರೆ ನೋಡಿದೀನಿ."

"ಇಲ್ಲ ಕಣೇ."

"ಅಣ್ಣಾ, ನಾನು ಕೇಳ್ತೀನಿ, ಒಂದು ಮಾಡು." ಅವಳು ಅವನ ಎರಡೂ ಕೈ ಹಿಡಿದುಕೊಂಡಳು. "ಬಿಸಿಲಿನ ಝಳಕ್ಕೆ ಹೋದಳು ಅನ್ನು. ಟ್ಯಾಂಕರ್ ನೀರು ಅನ್ನು. ಏನಾದರೂ ಅನ್ನು. ಅವಳು ನೀರು ಬೇಕು ಅಂದಾಗೆಲ್ಲ ನಾನು ಈ ಕೈಯಾರೆ ಕುಡಿಸಿದೀನಿ. ವಾಂತಿ ಆದಾಗೆಲ್ಲ ಇನ್ನೂ ಕುಡಿ ಇನ್ನೂ ಕುಡಿ ಅಂತ ಕುಡಿಸಿದೀನಿ. ನೀನು ಆ ಮಾತು ಹೊರಗೆ ಆಡಿದ್ರೆ ನಾನು ಹೇಗೆ ಬದುಕಲಿ?"

ಬಾಗಿಲಿನಿಂದ ಕೊಳದ ದಾರಿ ಕಾಣುತ್ತಿತ್ತು. ಬಿಸಿಲಿನಲ್ಲಿ ಹೆಂಗಸರು ಖಾಲಿ ಕೊಡ ಹಿಡಿದು ಆ ಕಡೆ ಹೋಗುತ್ತಿದ್ದರು. ಟ್ಯಾಂಕರ್ ಇನ್ನೂ ಬಂದಿರಲಿಲ್ಲ. ಕಾಯಿಲೆ ಬಿದ್ದ ಮಕ್ಕಳಿಗೆ ಹೆಚ್ಚು ನೀರು ಕುಡಿಸಿ ಎಂದು ನರ್ಸ್ ಹೇಳಿ ಹೋಗಿದ್ದಳು. ಅವರು ಅದನ್ನೇ ಕುಡಿಸುತ್ತಿದ್ದರು.

ಅವನು ತಂಗಿಯ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಎದ್ದ. "ಬೇಡ ಅಣ್ಣಾ" ಎಂದು ಅವಳು ಹೊಸಿಲವರೆಗೂ ಬಂದಳು. ಅವನು ತಿರುಗಿ ನೋಡಲಿಲ್ಲ. ತಿರುಗಿದ್ದರೆ ಮತ್ತೆ ಬಾಯಿ ಕಟ್ಟಿಬಿಡುತ್ತಿತ್ತು, ಅದು ಅವನಿಗೆ ಗೊತ್ತಿತ್ತು.

ತೊಟ್ಟಿಯ ಕಟ್ಟೆಯ ಮೇಲೆ ನಿಂತು ಹೇಳಿದ. ಮೊದಮೊದಲು ಜನರಿಗೆ ಅರ್ಥವೇ ಆಗಲಿಲ್ಲ; ಮಗು ಹೋದ ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡರು. ಅವನು ಗುಡಿಸಲಿಗೆ ಹೋಗಿ ಚೊಂಬು ತಂದು, ಬೆನ್ನು ಹಾಕಿ ಬಗ್ಗಿ, ಮಾಡುತ್ತಿದ್ದದ್ದನ್ನು ಹಾಗೇ ಮಾಡಿ ತೋರಿಸಿದ. ಆಮೇಲೆ ಅರ್ಥವಾಯಿತು. ಒಬ್ಬಳು ತುಂಬಿದ ಕೊಡವನ್ನು ಅವನ ಕಾಲ ಬಳಿ ಸುರಿದಳು. ಇನ್ನೊಬ್ಬಳು, ಮನೆಯಲ್ಲಿ ಮಗು ಮಲಗಿದ್ದವಳು, ಕೊಡ ಬಿಟ್ಟು ಮನೆಯ ಕಡೆ ಓಡಿದಳು. ಯಾರೋ ಕಲ್ಲೆಸೆದರು. ಹುಬ್ಬಿನ ಮೇಲೆ ತಗುಲಿ ರಕ್ತ ಸುರಿಯಿತು, ಅವನು ಒರೆಸಿಕೊಳ್ಳಲೂ ಹೋಗಲಿಲ್ಲ. ಮಾರನೇ ದಿನ ಟ್ಯಾಂಕರ್ ಬಂತು. ಆಮೇಲೆ ಮತ್ತಾವ ಮಗುವೂ ಸಾಯಲಿಲ್ಲ.

ಇಂಜಿನಿಯರಮ್ಮ ಬಂದು ನೋಡಿದಳು. ಮೇವಿಗೆ ನೀರು ಸರಿಯಾಗಿಯೇ ಇದೆ ಎಂದಳು, ಬಾವಿಯಣ್ಣನಿಗೆ ಏನೂ ಹೇಳದೆ ಹೋದಳು. ಹಾಲಿನವನು ಕೆಲವು ತಿಂಗಳು ಈ ಕಡೆ ತಲೆ ಹಾಕಲಿಲ್ಲ, ಆಮೇಲೆ ಬಂದ. ಹಾಲು ಅವನಿಗೂ ಬೇಕು. ಬಾವಿಯಣ್ಣನನ್ನು ಕೆಲಸದಿಂದ ತೆಗೆಯಬೇಕೆಂದು ಎಲ್ಲರೂ ಕೂಗಾಡಿದರು. ಹಾಗಾದರೆ ನಿಮ್ಮಲ್ಲಿ ಯಾರು ಬರ್ತೀರಿ ಎಂದು ಕೇಳಿದಾಗ ಎಲ್ಲರೂ ಸುಮ್ಮನಾದರು. ಹಾಗಾಗಿ ಅವನು ಈಗಲೂ ಬೆಳಗ್ಗೆ ಎದ್ದು ಜಾಲರಿಯ ಕಸ ಎಳೆಯುತ್ತಾನೆ, ಜೊಂಡು ಕೊಯ್ಯುತ್ತಾನೆ, ಮೊದಲ ಕೊಳದ ಕೆಸರು ಬಾಚುತ್ತಾನೆ. ಜನ ಕೂತಲ್ಲಿಗೆ ಹೋಗುವುದಿಲ್ಲ.

ತಂಗಿ ಅವನ ಜೊತೆ ಮಾತು ಬಿಟ್ಟಳು. ಎದುರು ಸಿಕ್ಕರೆ ಸೆರಗು ಸರಿಪಡಿಸಿಕೊಂಡು ಪಕ್ಕಕ್ಕೆ ಹೋಗುತ್ತಿದ್ದಳು. ಅವನನ್ನು ಒಂದು ಸಲವೂ ಬೈಯಲಿಲ್ಲ, ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ಅತ್ತಿಗೆಗೆ ಹುಷಾರು ತಪ್ಪಿದೆ ಎಂದು ಕೇಳಿ ನೋಡಲು ಬಂದಳು. ಅತ್ತಿಗೆಯ ಮಂಚದ ಪಕ್ಕ ಕೂತು ತಲೆ ಒತ್ತಿದಳು, ಎಮ್ಮೆ ಕರು ಹಾಕಿದ ಸುದ್ದಿ ಹೇಳಿದಳು. ಬಾವಿಯಣ್ಣ ಹೊರಗಿನ ಜಗಲಿಯ ಮೇಲೆ ಮಂಡಿ ಹಿಡಿದು ಕೂತು, ಎಷ್ಟೋ ದಿನಗಳ ಮೇಲೆ ತನ್ನ ಮನೆಯಲ್ಲಿ ಅವಳ ದನಿ ಕೇಳಿಸಿಕೊಳ್ಳುತ್ತಿದ್ದ.

ಹೊರಡುವಾಗ ಅವಳು ಅವನ ಮುಂದೆ ನಿಂತಳು. ಅವನು ಎದ್ದ. ಅವಳು ಅವನ ಹುಬ್ಬಿನ ಮೇಲಿನ ಗಾಯದ ಗುರುತನ್ನು ನೋಡಿದಳು, ನೆಲ ನೋಡಿದಳು.

"ಊರಿನ ಮಕ್ಕಳಿಗೆಲ್ಲ ನೀನು ಹೇಳಿದೆ ಅಣ್ಣಾ" ಎಂದಳು. "ನನ್ನ ಮಗಳಿಗೆ ಮಾತ್ರ ಹೇಳಲಿಲ್ಲ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದಳು.